ಮೂರೂವರೆ ಗಂಟೆಯ ನಿದ್ದೆ

ಮನೆಯಿಂದ
ಮಂಗಳವಾರ, ೧೯ನೇ ತಾರೀಖು
ಬೆಳಿಗ್ಗೆ ಒಂಬತ್ತೂಕಾಲು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಸಿಮೆಂಟಿನ ಧೂಳು ಎದೆಗಿಳಿದರೆ ಬೇಗ ಬಿಡುವುದಿಲ್ಲ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಸೈಟಿಗೆ ಇಳಿಯಬೇಡ. ಸೇತುವೆಯ ಮೂರನೇ ಕಂಬ ಎದ್ದು ನಿಂತಿತು ಎಂದು ಬರೆದಿದ್ದೆಯಲ್ಲ, ಅದನ್ನು ಓದಿದವಳೇ ಕೆಳಮನೆಯ ಟ್ಯಾಕ್ಸಿಯವರಿಗೂ ಹೇಳಿಬಂದೆ. ನಮ್ಮ ಸೊಸೆ ಇಂಜಿನಿಯರು, ಕಣಿವೆಯಲ್ಲಿ ಕಂಬ ನಿಲ್ಲಿಸುತ್ತಾಳೆ ಎಂದು ಹೇಳಿಕೊಳ್ಳುವುದರಲ್ಲಿ ನನಗೊಂದು ಜಂಬ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಮೊದಲಿನಷ್ಟಿಲ್ಲ, ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತೇನೆ. ನಿನ್ನ ಬುಗುರಿಗೆ ನಿನ್ನೆಗೆ ಹದಿನಾಲ್ಕು ತಿಂಗಳು ತುಂಬಿತು. ಆ ಹೆಸರಿಟ್ಟಿದ್ದು ನೀನೇ, ಅದಕ್ಕೆ ತಕ್ಕ ಹಾಗೆ ನಿಂತಲ್ಲಿ ನಿಲ್ಲುವುದಿಲ್ಲ. ಆರನೇ ಹಲ್ಲು ಬಂದಿದೆ. ಅವಳು ಆರೋಗ್ಯವಾಗಿದ್ದಾಳೆ. ಈ ಮಾತನ್ನು ಎರಡು ಸಲ ಓದಿಕೋ, ಆಮೇಲೆ ಮುಂದಕ್ಕೆ ಹೋಗು. ಸಾಧ್ಯವಾದರೆ ಕೂತುಕೊಂಡು ಓದು.

ಹೋದ ವಾರದ ಕಾಗದದಲ್ಲಿ ನೀನು, ಮಗುವಿಗೆ ಬಂದದ್ದು ಯಾವ ಜ್ವರ, ಯಾಕೆ ಯಾರೂ ಸರಿಯಾಗಿ ತಿಳಿಸಲಿಲ್ಲ ಎಂದು ಕೇಳಿದ್ದೀಯ. ಬಂದದ್ದು ಜ್ವರವಲ್ಲ. ನಿಮ್ಮ ಕಂಪನಿಯ ಆಫೀಸಿಗೆ ಹೋಗಿ 'ಮಗುವಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ' ಎಂದು ಚೀಟಿ ಬರೆದುಕೊಟ್ಟು ಬಂದವಳು ನಾನೇ. ಅದನ್ನು ವೈರ್‌ಲೆಸ್ಸಿನಲ್ಲಿ ನಿನಗೆ ಓದಿ ಹೇಳುವಾಗ ನಾಲ್ಕು ಜನ ಕೇಳಿಸಿಕೊಳ್ಳುತ್ತಾರೆ, ಅವರ ಮುಂದೆ ಹೇಳುವ ವಿಷಯವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಲ್ಲದೆ 'ನಾನೇ ಬರೀತೀನಮ್ಮ, ನೀನು ಬರೀಬೇಡ' ಎಂದು ನನ್ನ ಮಗ ಕೈಮುಗಿದಿದ್ದ. ಎರಡು ಮಂಗಳವಾರ ಕಳೆದವು, ಎರಡು ಸಲ ಟಪಾಲಿನ ಲಾರಿ ಫೋನಿಲ್ಲದ ನಿಮ್ಮ ಕಣಿವೆಗೆ ಹೋಗಿ ಬಂತು. ಅವನ ಕೈಯಲ್ಲಿ 'ಪ್ರೀತಿಯ' ಎಂಬುದರಿಂದ ಮುಂದಕ್ಕೆ ಒಂದಕ್ಷರ ಇಳಿಯಲಿಲ್ಲ. ಒಳ್ಳೆಯದು ಮಾಡಿದರೆ 'ನನ್ನ ಮಗ', ಕೆಟ್ಟದ್ದು ಮಾಡಿದರೆ 'ನಿನ್ನ ಗಂಡ' ಎನ್ನುತ್ತೇನೆಂದು ನೀನು ನನ್ನನ್ನು ಹಾಸ್ಯ ಮಾಡುತ್ತಿದ್ದೆ. ಈ ಕಾಗದದಲ್ಲಿ ಅವನು ಉದ್ದಕ್ಕೂ ನನ್ನ ಮಗನೇ.

ನೀನು ಹೋದಮೇಲೆ ಮಗುವಿನ ನಿದ್ದೆ ಕೆಟ್ಟಿತು ಎಂದು ಹಿಂದೆಯೇ ಬರೆದಿದ್ದೆ. ಎಷ್ಟು ಕೆಟ್ಟಿತು ಎಂದು ಬರೆದಿರಲಿಲ್ಲ, ನೀನು ಅಲ್ಲಿ ಒದ್ದಾಡಬಾರದೆಂದು. ನಿನ್ನ ಎದೆಯ ಮೇಲೆ ಮಲಗಿ ರೂಢಿಯಾದವಳು. ನಾವು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ, ಬಾಗಿಲಿಂದ ಅಡುಗೆಮನೆಗೆ ನಡೆಯಬೇಕು. ಕಣ್ಣು ಮುಚ್ಚಿತು ಅಂದುಕೊಂಡು ಹಾಸಿಗೆಗೆ ಇಳಿಸಿದರೆ ಬೆನ್ನು ತಾಗುವ ಮೊದಲೇ ಚೀರಾಟ. ಹಗಲು ಮಲಗಿಸದೆ ದಣಿಸಿದರೆ ರಾತ್ರಿ ಚೆನ್ನಾಗಿ ಮಲಗುತ್ತಾಳೆ ಎಂದು ನಾನು ಬೆಳಗಿನ ನಿದ್ದೆ ತಪ್ಪಿಸಿದೆ. ಅದರಿಂದ ಇನ್ನಷ್ಟು ಹದಗೆಟ್ಟಿತು. ನನ್ನ ಮಗನ ಪಾಡು ನಿನಗೆ ಗೊತ್ತು. ಬೆಳಗಿನ ಜಾವ ಮೂರೂವರೆಗೆ ಬೇಕರಿಯಲ್ಲಿ ಒಲೆಯ ಮುಂದೆ ನಿಂತಿರಬೇಕು. ಮಗುವನ್ನು ಹೊತ್ತು ರಾತ್ರಿ ಒಂದು ಗಂಟೆಯವರೆಗೆ ನಡೆದು, ಎರಡು ಗಂಟೆ ಕಣ್ಣು ಮುಚ್ಚಿ, ಎದ್ದು ಹೋಗುತ್ತಿದ್ದ. ಒಂದು ದಿನ ಕಾದ ತಟ್ಟೆಯನ್ನು ಬರಿಗೈಯಲ್ಲಿ ಹಿಡಿದು ಅಂಗೈ ಸುಟ್ಟುಕೊಂಡು ಬಂದ. ಬಟ್ಟೆ ಮರೆತುಹೋಯಿತು ಎಂದ. ಹನ್ನೆರಡು ವರ್ಷ ಒಲೆಯ ಮುಂದೆ ನಿಂತವನಿಗೆ ಬಟ್ಟೆ ಮರೆಯುತ್ತದೆಯೇ?

ನಾನು ಬಸ್ ಡಿಪೋದಲ್ಲಿ ಇಪ್ಪತ್ತೇಳು ವರ್ಷ ಟೈಮ್‌ಕೀಪರ್ ಆಗಿದ್ದವಳು. ಕೈ ಸುಮ್ಮನಿರಬೇಕಲ್ಲ, ಹಳೆಯ ರಿಜಿಸ್ಟರ್ ಒಂದನ್ನು ತೆಗೆದು ಮೊಮ್ಮಗಳ ನಿದ್ದೆಯನ್ನು ಬರೆಯತೊಡಗಿದೆ. ಹೊರಟ ಸಮಯ, ಬಂದ ಸಮಯ, ಷರಾ. ಷರಾದಲ್ಲಿ 'ಬಾಗಿಲು ಬಡಿಯಿತು', 'ಹಲ್ಲು', 'ಕಾರಣವಿಲ್ಲದೆ ವಾಪಸ್' ಎಂದೆಲ್ಲ ಬರೆಯುತ್ತಿದ್ದೆ. ನನ್ನ ಕೈಯಲ್ಲಿ ಮಲಗಿದರೆ ಇಪ್ಪತ್ತೈದು ನಿಮಿಷ, ಮೂವತ್ತೈದು ನಿಮಿಷ, ಹೆಚ್ಚೆಂದರೆ ಐವತ್ತು. ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ನಾನು ಮಂಡಿಯ ವ್ಯಾಯಾಮಕ್ಕೆ ಹೋಗುತ್ತಿದ್ದೆ, ಆಗ ಮಗು ಅವಳಪ್ಪನ ಹತ್ತಿರ. ಹೋದ ತಿಂಗಳ ಮೊದಲ ವಾರದಿಂದ ಆ ಮೂರು ದಿನ ಮಾತ್ರ ಅವಳು ಒಂದು ಗಂಟೆಗೆ ಮಲಗಿದರೆ ನಾಲ್ಕೂವರೆಗೆ ಏಳುತ್ತಿದ್ದಳು. ಮೂರೂವರೆ ಗಂಟೆ, ಮಧ್ಯೆ ಒಂದು ಮಿಸುಕಾಟವಿಲ್ಲ. 'ನಿನ್ನ ಕೈಯಲ್ಲಿ ಏನೋ ಇದೆ ಕಣೋ' ಎಂದು ನಾನು ಅವನನ್ನು ಹೊಗಳಿದೆ. ಮುಚ್ಚಿಡುವುದೇಕೆ, ಒಳಗೊಳಗೇ ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಅವನು ನಗಲಿಲ್ಲ, ತಟ್ಟೆ ತೆಗೆದುಕೊಂಡು ಎದ್ದುಹೋದ. ಎದ್ದಮೇಲೆ ಮಗು ಮಂಕಾಗಿರುತ್ತಿದ್ದಳು, ಬಾಳೆಹಣ್ಣು ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಕೂತಿರುತ್ತಿದ್ದಳು.

ಒಂದನೇ ತಾರೀಖು ಶುಕ್ರವಾರ. ವ್ಯಾಯಾಮ ಹೇಳಿಕೊಡುವ ಹುಡುಗಿ ರಜೆ ಹಾಕಿದ್ದಳು, ಹೋದ ದಾರಿಯಲ್ಲೇ ತಿರುಗಿ ಬಂದೆ. ಎರಡೂ ಹತ್ತಾಗಿತ್ತು. ಮನೆಯೊಳಗೆ ಎಷ್ಟು ಸದ್ದಿಲ್ಲವೆಂದರೆ ಫ್ರಿಜ್ಜಿನ ಗುಂಯ್ ಅನ್ನುವುದು ಕೇಳಿಸುತ್ತಿತ್ತು. ನನ್ನ ಮಗ ತೊಟ್ಟಿಲಮಂಚದ ಪಕ್ಕ ನೆಲದ ಮೇಲೆ, ಬೇಕರಿಯ ಬಟ್ಟೆಯಲ್ಲೇ, ಒಂದು ಕಾಲಿಗೆ ಶೂ ಹಾಕಿಕೊಂಡು ಬಿದ್ದಿದ್ದ. ಮಗು ಅಂಗಾತ ಮಲಗಿತ್ತು. ಬಗ್ಗಿ ಮುಖ ನೋಡಿದೆ. ನಿದ್ದೆ ಮಾಡುವ ಮಗುವಿನ ಮುಖ ಸುಮ್ಮನಿರುವುದಿಲ್ಲ, ತುಟಿ ಚೀಪುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಇವಳ ಮುಖದಲ್ಲಿ ಏನೂ ಇರಲಿಲ್ಲ. ಗಂಟಲಲ್ಲಿ ಒಂದು ಗೊರಗೊರ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಗೊರಗೊರ. ಕೆನ್ನೆ ತಟ್ಟಿದೆ. ಅಂಗಾಲು ಚಿವುಟಿದೆ. ಎತ್ತಿಕೊಂಡರೆ ತಲೆ ನನ್ನ ತೋಳಿನಿಂದ ಹಿಂದಕ್ಕೆ ಜಾರಿತು. ಹದಿಮೂರು ತಿಂಗಳು ದಾಟಿದ ಮಗುವಿನ ತಲೆ ಹಾಗೆ ಜಾರುವುದನ್ನು ನಾನು ನೋಡಿರಲಿಲ್ಲ. ಕಾಲಿನಿಂದ ಒದ್ದು ನನ್ನ ಮಗನನ್ನು ಎಬ್ಬಿಸಿದೆ. ಹೌದು, ಒದ್ದೆ. ಮೂವತ್ನಾಲ್ಕು ವರ್ಷದಲ್ಲಿ ಅವನಿಗೆ ಮೊದಲ ಏಟು ಅದು.

ಕೆಳಮನೆಯ ಟ್ಯಾಕ್ಸಿಯವರು ಊಟಕ್ಕೆ ಕೂತಿದ್ದವರು ಕೈ ಕೂಡ ತೊಳೆಯದೆ ಎದ್ದುಬಂದರು. ಆಸ್ಪತ್ರೆಗೆ ಹನ್ನೊಂದು ನಿಮಿಷ. ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಉಸಿರು ಎಣಿಸುತ್ತಿದ್ದೆ. ನನ್ನ ಮಗ ಪಕ್ಕದಲ್ಲಿ ಮಗುವಿನ ಕಾಲುಬೆರಳು ಹಿಡಿದುಕೊಂಡು 'ಏಳೇ, ಏಳೇ ಚಿನ್ನ' ಎನ್ನುತ್ತಿದ್ದ, ಬೇರೆ ಮಾತಿಲ್ಲ. ಮಕ್ಕಳ ವಾರ್ಡಿನಲ್ಲಿ ಒಬ್ಬ ಡಾಕ್ಟರಮ್ಮ, ನಿನ್ನ ವಯಸ್ಸಿನವರು, ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು. ರೆಪ್ಪೆ ಬಿಡಿಸಿ ಬೆಳಕು ಹಾಕಿದರು, ಮೂಗಿಗೆ ಕೊಳವೆ ಹಚ್ಚಿದರು. ಬಿದ್ದಿದ್ದಾಳಾ, ತಲೆಗೆ ಪೆಟ್ಟಾಗಿದೆಯಾ, ಏನಾದರೂ ನುಂಗಿದ್ದಾಳಾ ಎಂದು ಒಂದರ ಹಿಂದೆ ಒಂದು ಕೇಳಿದರು. ಮಗು ಎಷ್ಟು ಹೊತ್ತಿಗೆ ಮಲಗಿದ್ದು ಎಂದಾಗ ನಾನು ಚೀಲದಿಂದ ರಿಜಿಸ್ಟರ್ ತೆಗೆದುಕೊಟ್ಟೆ. ಅದು ನನ್ನ ಚೀಲದಲ್ಲೇ ಇರುತ್ತದೆ. ಅವರು ಎರಡು ಪುಟ ತಿರುವಿ, ಪೆನ್ನಿನ ತುದಿಯನ್ನು ಒಂದೊಂದೇ ಸಾಲಿನ ಮೇಲೆ ಇಳಿಸುತ್ತ ಹೋದರು. ಸೋಮ, ಬುಧ, ಶುಕ್ರ. ಮತ್ತೆ ಸೋಮ, ಬುಧ, ಶುಕ್ರ. 'ಈ ಮೂರು ದಿನ ಮಗು ಯಾರ ಹತ್ರ ಇರತ್ತೆ?' ಎಂದು ಕೇಳಿದರು. ದನಿ ಏರಿಸಲಿಲ್ಲ.

'ನನ್ನ ಹತ್ರ' ಎಂದ ನನ್ನ ಮಗ. ಆಮೇಲೆ, ಯಾರೋ ಬೇರೆಯವರ ವಿಷಯ ಹೇಳುವವನ ಹಾಗೆ, 'ನೆಗಡಿ ಸಿರಪ್ ಕೊಟ್ಟಿದ್ದೀನಿ. ಅರ್ಧ ಚಮಚದಿಂದ ಶುರು ಮಾಡಿದೆ. ಇವತ್ತು ಎರಡು ಕೊಟ್ಟೆ' ಎಂದ.

ಮಗಳೇ, ನಾನು ಗೋಡೆಗೆ ಒರಗಿ ನಿಂತಿದ್ದೆ. ಕಿವಿ ಕೇಳಿಸಿಕೊಂಡದ್ದನ್ನು ತಲೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಈಗಲೂ ಬಿಟ್ಟುಕೊಂಡಿಲ್ಲ, ಹದಿನೆಂಟು ದಿನವಾಯಿತು. ಇವನು ಇರುವೆ ಸಾಲನ್ನು ದಾಟಿ ನಡೆಯುವವನು. ಮಗುವಿನ ಉಗುರು ಕತ್ತರಿಸಲು ಹೆದರಿ ನನ್ನ ಕೈಗೆ ಕೊಡುವವನು. ನಿನಗೆ ಹೆರಿಗೆನೋವು ಬಂದಾಗ ಕಾರಿಡಾರಿನಲ್ಲಿ ತಲೆತಿರುಗಿ ಬಿದ್ದು, ನರ್ಸ್‌ಗಳು ನಿನ್ನನ್ನು ಬಿಟ್ಟು ಇವನಿಗೆ ನೀರು ಚಿಮುಕಿಸಬೇಕಾಗಿ ಬಂತಲ್ಲ, ಅದೇ ಇವನು. ಅದೇ ಕೈ ಬಾಟಲಿಯ ಮುಚ್ಚಳ ತೆಗೆದಿತು. ಹಿಂದೊಮ್ಮೆ ಮಗುವಿಗೆ ನೆಗಡಿಯಾದಾಗ ಅವನು ಅಂಗಡಿಯಿಂದ ತಂದಿಟ್ಟಿದ್ದ ಸಿರಪ್ಪು ಅದು. ಕುಡಿದರೆ ಮಂಪರು ಬರುತ್ತದೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಅದರ ಮೇಲೆಯೇ ಸಣ್ಣ ಅಕ್ಷರದಲ್ಲಿ ಬರೆದಿದೆ. ಮಂಪರು ಎಂಬುದಷ್ಟೇ ಅವನ ಕಣ್ಣಿಗೆ ಬಿತ್ತು. 'ಒಂದ್ ಗಂಟೆ ನಿದ್ದೆ ಬೇಕಾಗಿತ್ತಮ್ಮ, ಅಷ್ಟೇ. ಒಂದ್ ಗಂಟೆ' ಎಂದು ಕಾರಿಡಾರಿನ ಬೆಂಚಿನ ಮೇಲೆ ಹೇಳಿದ. ಮೊದಲ ದಿನ ಅರ್ಧ ಚಮಚಕ್ಕೆ ಎರಡು ಗಂಟೆ ಮಲಗಿದಳಂತೆ. ಆಮೇಲೆ ಅಷ್ಟಕ್ಕೆ ಬಗ್ಗಲಿಲ್ಲವಂತೆ. ಡಾಕ್ಟರಮ್ಮ ಅವನ ಮುಂದೆ ಕೂತು, 'ನೀವು ಮಗುವನ್ನ ಮಲಗಿಸಿಲ್ಲ, ಎಚ್ಚರ ತಪ್ಪಿಸಿದ್ದೀರಿ. ಇನ್ನೊಂದ್ ಚಮಚ ಹೆಚ್ಚಾಗಿದ್ರೆ ಉಸಿರೇ ನಿಲ್ಲುತ್ತಿತ್ತೇನೋ' ಎಂದರು. ಅವನು ತಲೆಯಾಡಿಸಿದ. ತಲೆಯಾಡಿಸುತ್ತಲೇ ಇದ್ದ, ನಾನು ಹಿಡಿದು ನಿಲ್ಲಿಸಬೇಕಾಯಿತು.

ಶನಿವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಬುಗುರಿ ಕಣ್ಣು ಬಿಟ್ಟಳು. ಮೂಗಿನ ಕೊಳವೆಯನ್ನು ಕಿತ್ತು, ನನ್ನ ಕನ್ನಡಕ ಎಳೆದು, ಹಸಿವಿಗೆ ಕಿರುಚಿದಳು. ಅಂಥ ಕಿರುಚಾಟವನ್ನು ನನ್ನ ಕಿವಿ ಯಾವತ್ತೂ ಇಷ್ಟು ಆಸೆಯಿಂದ ಕೇಳಿರಲಿಲ್ಲ. ಭಾನುವಾರ ಮನೆಗೆ ಕಳಿಸಿದರು. ತಲೆಗಾಗಲಿ ಹೃದಯಕ್ಕಾಗಲಿ ಏನೂ ಆಗಿಲ್ಲ, ಮುಂದೆಯೂ ತೊಂದರೆಯಿಲ್ಲ ಎಂದು ಬರೆದುಕೊಟ್ಟಿದ್ದಾರೆ, ಅದರ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ಆಸ್ಪತ್ರೆಯವರು ಮಕ್ಕಳ ರಕ್ಷಣೆಯ ಇಲಾಖೆಗೂ ತಿಳಿಸಿದರು. ಅವರಲ್ಲಿಂದ ಒಬ್ಬ ಹೆಂಗಸು ವಾರಕ್ಕೊಮ್ಮೆ ಬಂದು ಕಪಾಟು ತೆಗೆದು ನೋಡಿ, ಮಗುವನ್ನು ಆಡಿಸಿ ಹೋಗುತ್ತಾರೆ. ನೀನು ಬಂದಮೇಲೆ ನಿನ್ನ ಜೊತೆಯೂ ಮಾತಾಡಬೇಕಂತೆ. ನನಗೆ ನಾಚಿಕೆಯಾಗುತ್ತದೆ, ಆದರೂ ಅವರು ಬರಲಿ ಎನಿಸುತ್ತದೆ.

ವಾರ್ಡಿನಲ್ಲಿ ದಪ್ಪ ಕನ್ನಡಕದ ಒಬ್ಬ ನರ್ಸ್ ಇದ್ದರು, ನಿವೃತ್ತಿಯ ಅಂಚಿನಲ್ಲಿರುವವರು. ಹೊರಡುವ ದಿನ ನನ್ನನ್ನೂ ಮಗನನ್ನೂ ಮುಂದೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಬೈಯಲಿಲ್ಲ. 'ನಿದ್ದೆನ ನಾವು ಮಗುಗೆ ಮಾಡಿಸೋಕಾಗಲ್ಲ. ಅದು ಬರೋಕೆ ಜಾಗ ಮಾಡಿಕೊಡಬಹುದು, ಅಷ್ಟೇ' ಎಂದರು. ದಣಿಸಿದರೆ ಮಲಗುತ್ತದೆ ಎಂಬ ನನ್ನ ಲೆಕ್ಕಾಚಾರ ಪೂರ್ತಿ ತಲೆಕೆಳಗಂತೆ. ಮಗು ಕಿವಿ ಎಳೆದುಕೊಳ್ಳುವುದು, ಆಟ ಬಿಟ್ಟು ಗೋಡೆ ನೋಡುವುದು, ಇವೇ ಸೂಚನೆ. ಆಗಲೇ ಹಾಸಿಗೆಗೆ ಹೋಗಬೇಕು, ಅಳು ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ. ಬಸ್ಸು ಹೋದಮೇಲೆ ನಿಲ್ದಾಣಕ್ಕೆ ಓಡುವವರನ್ನು ನೋಡಿ ಜೀವನವೆಲ್ಲ ನಕ್ಕವಳು ನಾನು, ಮನೆಯಲ್ಲಿ ದಿನಾ ಅದನ್ನೇ ಮಾಡುತ್ತಿದ್ದೆ. ಇನ್ನೊಂದು ಮಾತು ಹೇಳಿದರು. ಹೆಗಲ ಮೇಲೆ ಮಲಗಿದ ಮಗು ಹಾಸಿಗೆಯಲ್ಲಿ ಕಣ್ಣು ಬಿಟ್ಟರೆ ಹೆದರುತ್ತದೆ, ನಿಮ್ಮನ್ನು ಮಂಚದಲ್ಲಿ ಮಲಗಿಸಿ ಅಂಗಳದಲ್ಲಿ ಎಬ್ಬಿಸಿದರೆ ನೀವು ಕೂಗುವುದಿಲ್ಲವೇ ಎಂದು. ಹಾಗಾಗಿ ಕಣ್ಣು ಎಳೆಯುತ್ತಿರುವಾಗಲೇ, ಇನ್ನೂ ಎಚ್ಚರವಿರುವಾಗಲೇ, ಅವಳ ಹಾಸಿಗೆಗೆ ಇಳಿಸಬೇಕು.

ನಾಲ್ಕನೇ ತಾರೀಖು ಶುರು ಮಾಡಿದೆವು. ಮುಖ ತೊಳೆಸುವುದು, ಪರದೆ ಎಳೆಯುವುದು, ಆನೆ ಚಿತ್ರದ ಪುಸ್ತಕ, ಒಂದು ಹಾಡು, ಆಮೇಲೆ ಹಾಸಿಗೆ. ದಿನವೂ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ. ದಿಂಬು, ಗೊಂಬೆ, ದಪ್ಪ ಹೊದಿಕೆ ಎಲ್ಲ ತೆಗೆದುಬಿಟ್ಟೆವು, ಗಟ್ಟಿ ಹಾಸಿಗೆ ಮಾತ್ರ. ಮೊದಲ ದಿನ ಇಪ್ಪತ್ತೆರಡು ನಿಮಿಷ ಅತ್ತಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂತವನು ನನ್ನ ಮಗ. ನಾನೂ ಕೋಣೆಯಲ್ಲೇ ಇದ್ದೆ, ಯಾಕೆಂದರೆ ಅವನು ಮಗುವಿನ ಜೊತೆ ಒಬ್ಬನೇ ಇರಲು ಒಪ್ಪುವುದಿಲ್ಲ. ನಾನು ನೀರು ತರಲು ಎದ್ದರೂ 'ಅಮ್ಮಾ, ಹೋಗ್ಬೇಡ' ಎನ್ನುತ್ತಾನೆ. ಅವಳು ಅಳುತ್ತಿದ್ದಳು, ಅವನೂ ಸದ್ದಿಲ್ಲದೆ ಅಳುತ್ತಿದ್ದ, ಕೈ ಮಾತ್ರ ತೆಗೆಯಲಿಲ್ಲ. ಎರಡನೇ ದಿನ ಹದಿನೆಂಟು ನಿಮಿಷ. ಮೂರನೇ ದಿನ ಮೂವತ್ತೊಂದು, ಅವತ್ತು ನಾನೇ ಸೋತು ಎತ್ತಿಕೊಳ್ಳಲು ಹೋದೆ, ಅವನು ತಡೆದ. ಆಮೇಲೆ ಒಂದೆರಡು ದಿನಕ್ಕೊಮ್ಮೆ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದೆವು. ಈಗ ಕುರ್ಚಿ ಬಾಗಿಲಾಚೆ ಇದೆ. ನಿನ್ನೆ ಮಧ್ಯಾಹ್ನ ತನ್ನ ಕಾಲನ್ನು ತಾನೇ ಹಿಡಿದುಕೊಂಡು, ತನಗೆ ಮಾತ್ರ ಅರ್ಥವಾಗುವ ಏನನ್ನೋ ಗೊಣಗಿಕೊಂಡು, ಏಳು ನಿಮಿಷದಲ್ಲಿ ಮಲಗಿದಳು. ಒಂದು ಗಂಟೆ ಇಪ್ಪತ್ತು ನಿಮಿಷ. ನಾನು ನಾಲ್ಕು ಸಲ ಹೋಗಿ ಮೂಗಿನ ಹತ್ತಿರ ಕೈ ಹಿಡಿದೆ. ತುಟಿ ಚೀಪುತ್ತಿದ್ದಳು. ಎದ್ದು ಕೂತು, ಅಳದೆ, ತೊಟ್ಟಿಲಮಂಚದ ಕಂಬಿ ಹಿಡಿದು ನನ್ನನ್ನು ಕೂಗಿದಳು.

ನನ್ನ ಮಗನ ವಿಷಯ. ಬೇಕರಿಯ ಮೇಸ್ತ್ರಿಗೆ ಅವನೇ ಎಲ್ಲ ಹೇಳಿಕೊಂಡ. ಅವರು ಮರುದಿನದಿಂದ ಅವನನ್ನು ಒಲೆಯಿಂದ ತೆಗೆದು ಬ್ರೆಡ್ ಕಟ್ಟುವ ಕೆಲಸಕ್ಕೆ ಹಾಕಿದ್ದಾರೆ, ಬೆಳಿಗ್ಗೆ ಎಂಟರಿಂದ. ಈಗ ರಾತ್ರಿ ಮಲಗಬಹುದು, ಆದರೆ ಮಲಗುವುದಿಲ್ಲ. ಮಗು ಮಲಗಿದಮೇಲೂ ಬಾಗಿಲಾಚೆಯ ಕುರ್ಚಿಯಲ್ಲೇ ಕೂತಿರುತ್ತಾನೆ. ಅವನನ್ನು ಕ್ಷಮಿಸು ಎಂದು ಕೇಳಲು ನಾನು ಈ ಕಾಗದ ಬರೆಯುತ್ತಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ, ಕೊಡುವುದೋ ಬಿಡುವುದೋ ನಿನಗೆ ಸೇರಿದ್ದು. ನೀನು ಕೆಲಸ ಬಿಟ್ಟು ಓಡಿಬರುವುದಾದರೆ ಬಾ, ನಾನು ಬೇಡವೆನ್ನುವುದಿಲ್ಲ. ಆದರೆ ಕಣಿವೆಗೆ ಹೋದೆನಲ್ಲ ಎಂದು ನಿನ್ನನ್ನು ನೀನು ಬೈದುಕೊಳ್ಳಬೇಡ. ನೀನು ಮನೆಯಲ್ಲಿ ಎರಡು ದೊಡ್ಡ ಜೀವಗಳ ಕೈಗೆ ಮಗುವನ್ನು ಒಪ್ಪಿಸಿ ಹೋದವಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವನಿಗೆ ಹೇಳಿದೆ, ಇವತ್ತು ನಾನೇ ಬರೆದು ಕಳಿಸುತ್ತೇನೆ ಎಂದು. ಶೂ ಹಾಕಿಕೊಳ್ಳುತ್ತಿದ್ದವನು ತಲೆಯೆತ್ತದೆ 'ಬರಿಯಮ್ಮ. ಏನನ್ನೂ ಬಿಡಬೇಡ' ಎಂದ.

ಧೂಳಿನಲ್ಲಿ ಹುಷಾರು. ಹಗ್ಗ ಕಟ್ಟಿಕೊಳ್ಳದೆ ಮೇಲೆ ಹತ್ತಬೇಡ. ನಿನ್ನ ಕೈ ಕೆಳಗಿನ ಹುಡುಗಿಯರಿಗೂ ನನ್ನ ನೆನಪು ಹೇಳು. ನಿನ್ನ ಕಂಬಗಳು ನೂರಾರು ವರ್ಷ ನಿಲ್ಲಲಿ, ನೀನು ಸುಖವಾಗಿರು ತಾಯಿ.

ಇತಿ,
ನಿನ್ನ ಅತ್ತೆ

ಮರೆತದ್ದಲ್ಲ, ಬಿಟ್ಟದ್ದು: ಆಫೀಸಿನವರು ಹನ್ನೆರಡಕ್ಕೆ ಟಪಾಲು ಚೀಲ ಕಟ್ಟುತ್ತಾರೆ, ಈಗ ಹನ್ನೊಂದೂ ಇಪ್ಪತ್ತು, ಬೇಗ ಬರೆಯುತ್ತೇನೆ. ಆ ಶುಕ್ರವಾರಕ್ಕೆ ಎರಡು ವಾರ ಮೊದಲು ಪಾತ್ರೆ ತೊಳೆಯುವಾಗ ಅಂಟು ಹತ್ತಿದ ಒಂದು ಚಮಚ ನನ್ನ ಕೈಗೆ ಸಿಕ್ಕಿತ್ತು. ಮೂಸಿ ನೋಡಿದೆ. ಸಿರಪ್ಪಿನ ವಾಸನೆ. ಮಗುವಿಗೆ ಆಗ ನೆಗಡಿ ಇರಲಿಲ್ಲ, ನನಗೂ ಇರಲಿಲ್ಲ, ಅವನಿಗೂ ಇರಲಿಲ್ಲ. ಇಪ್ಪತ್ತೇಳು ವರ್ಷ ಡ್ರೈವರುಗಳ ಸುಳ್ಳನ್ನು ಸಮಯ ನೋಡಿಯೇ ಹಿಡಿದವಳಿಗೆ ಇದು ಗೊತ್ತಾಗುವುದಿಲ್ಲವೇ? ಗೊತ್ತಾಯಿತು. ಚಮಚ ತೊಳೆದು ಒರೆಸಿ ಅದರ ಜಾಗದಲ್ಲಿಟ್ಟೆ. ಅವನನ್ನು ಕೇಳಲಿಲ್ಲ. ಆ ಮೂರು ದಿನ ವ್ಯಾಯಾಮದಿಂದ ಬಂದಾಗ ಮನೆ ಸುಮ್ಮನಿರುತ್ತಿತ್ತು, ನನಗೂ ಕಾಲು ಚಾಚಿ ಮಲಗಲು ಸಿಗುತ್ತಿತ್ತು. ಕೇಳಿದರೆ ಅದು ನಿಂತುಹೋಗುತ್ತಿತ್ತು. ಟ್ಯಾಕ್ಸಿಯಲ್ಲಿ ಹನ್ನೊಂದು ನಿಮಿಷವೂ ನನಗೆ ಆ ಚಮಚದ ನೆನಪಿತ್ತು, ಡಾಕ್ಟರಮ್ಮ ಏನು ನುಂಗಿದ್ದಾಳೆ ಎಂದು ಕೇಳಿದಾಗಲೂ ಇತ್ತು. ಬಾಯಿ ಬಿಟ್ಟವನು ಅವನು, ನಾನಲ್ಲ. ಇದು ಅವನಿಗೆ ಗೊತ್ತಿಲ್ಲ, ಇವತ್ತು ಸಂಜೆ ಹೇಳುತ್ತೇನೆ. ಇನ್ನು ಮುಂದೆ ಮಗುವನ್ನು ಯಾರ ಕೈಗೆ ಕೊಡಬೇಕು ಎಂದು ನೀನು ಯೋಚಿಸುವಾಗ, ಅವನೊಬ್ಬನ ವಿಷಯ ಯೋಚಿಸಿ ನಿಲ್ಲಿಸಬೇಡ.